ನಡುರಾತ್ರಿ ಅಣು ಸ್ಥಾವರದಲ್ಲಿ ಅವಘಡವಾದರೆ ಪಾಳಿಯಲ್ಲಿರುವವರು ಸಾಕಾಗುತ್ತಾರೆಯೇ?

ಓದುಗರ ಪ್ರಶ್ನೆ: ಅಣು ವಿದ್ಯುತ್ ಸ್ಥಾವರದಲ್ಲಿ ಹಗಲು ಹೊತ್ತು ನೂರಾರು ಜನ ಕೆಲಸ ಮಾಡುತ್ತಿರುತ್ತಾರೆ. ಆದರೆ ರಾತ್ರಿ ಎರಡು ಗಂಟೆಗೆ, ಅದೂ ಹಬ್ಬದ ರಜೆಯಲ್ಲಿ, ಏನಾದರೂ ಹೆಚ್ಚುಕಮ್ಮಿಯಾದರೆ ಒಳಗೆ ಇಂತಿಷ್ಟು ಮಂದಿ ಇರಲೇಬೇಕೆಂಬ ನಿಯಮ ಇದೆಯೇ? ಅಷ್ಟು ಜನ ಸಾಕೇ?

ಉತ್ತರ: ನಿಯಮ ಇದೆ. ಈ ಲೆಕ್ಕವನ್ನು ಯಾರು ಬೇಕಾದರೂ ಓದಬಹುದಾದಂತೆ, ಹುದ್ದೆ ಹುದ್ದೆಯಾಗಿ ಬಿಡಿಸಿ ಬರೆದಿಟ್ಟಿರುವುದು ಅಮೆರಿಕದ ಅಣು ಸ್ಥಾವರಗಳ ನಿಯಂತ್ರಕ ಸಂಸ್ಥೆಯಾದ ನ್ಯೂಕ್ಲಿಯರ್ ರೆಗ್ಯುಲೇಟರಿ ಕಮಿಷನ್. ಆದ್ದರಿಂದ ಈ ಉತ್ತರದ ಹೆಚ್ಚಿನ ಭಾಗ ಅಲ್ಲಿನ ವ್ಯವಸ್ಥೆಯ ಕುರಿತದ್ದು. ಕೊನೆಯಲ್ಲಿ ನಮ್ಮ ನರೋರಾ ಮತ್ತು ಕೈಗಾದ ಕಡೆಗೂ ಬರುತ್ತೇನೆ. ಮೊದಲೇ ಹೇಳಬೇಕಾದ ಮಾತೊಂದಿದೆ. ಒಳಗೆ ಎಷ್ಟು ತಲೆಗಳಿವೆ ಎಂಬುದಕ್ಕಿಂತ, ಒಬ್ಬನೇ ವ್ಯಕ್ತಿಗೆ ಒಂದೇ ನಿಮಿಷದಲ್ಲಿ ಎರಡು ಕೆಲಸ ಬೀಳುತ್ತದೆಯೇ ಎಂಬುದೇ ಇಲ್ಲಿ ನಿಜವಾದ ಪ್ರಶ್ನೆ. ಇದನ್ನು ಅರಿಯಲು ನಿಯಂತ್ರಕರಿಗೇ ಮೂರು ದಶಕ ಹಿಡಿಯಿತು.

ನಿಯಮ ಹುಟ್ಟಿದ್ದು ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಅವಘಡದಿಂದ. 1979ರ ಮಾರ್ಚ್ 28ರ ಬೆಳಗಿನ ಜಾವ ನಾಲ್ಕು ಗಂಟೆಯ ಹೊತ್ತಿಗೆ ಅಲ್ಲಿನ ಎರಡನೇ ಘಟಕದಲ್ಲಿ ನೀರುಣಿಸುವ ಪಂಪುಗಳು ನಿಂತವು, ಟರ್ಬೈನ್ ನಿಂತಿತು, ಕೆಲವೇ ಸೆಕೆಂಡುಗಳಲ್ಲಿ ರಿಯಾಕ್ಟರ್ ಕೂಡ ತಾನಾಗಿಯೇ ಸ್ಥಗಿತಗೊಂಡಿತು. ಒತ್ತಡ ಇಳಿಸಲು ತೆರೆದುಕೊಂಡ ವಾಲ್ವ್ ಒಂದು ಮತ್ತೆ ಮುಚ್ಚಿಕೊಳ್ಳಬೇಕಿತ್ತು, ಮುಚ್ಚಿಕೊಳ್ಳಲಿಲ್ಲ. ಫಲಕದ ಮೇಲಿನ ದೀಪ ತೋರಿಸುತ್ತಿದ್ದುದು ಮುಚ್ಚುವ ಆದೇಶ ಹೋಗಿದೆ ಎಂಬುದನ್ನು ಮಾತ್ರ. ವಾಲ್ವ್ ನಿಜಕ್ಕೂ ಮುಚ್ಚಿದೆಯೇ ಎಂಬುದನ್ನಲ್ಲ. ನೂರಕ್ಕೂ ಹೆಚ್ಚು ಎಚ್ಚರಿಕೆ ಗಂಟೆಗಳು ಒಟ್ಟಿಗೇ ಮೊಳಗುತ್ತಿದ್ದ ಕೋಣೆಯಲ್ಲಿ ಬೆರಳೆಣಿಕೆಯ ಮಂದಿ ಎರಡು ಗಂಟೆಗೂ ಹೆಚ್ಚು ಕಾಲ ಹೆಣಗಾಡಿದರು. ಕೊನೆಗೆ ಆರೂಕಾಲು ದಾಟಿದ ಮೇಲೆ, ಮುಂದಿನ ಪಾಳಿಗೆಂದು ಆಗಷ್ಟೇ ಬಂದಿದ್ದ ಮೇಲ್ವಿಚಾರಕರೊಬ್ಬರು ಅಂಕಿಗಳನ್ನು ನೋಡಿ, ಆ ಕೊಳವೆಯ ಸಾಲಿನಲ್ಲಿದ್ದ ಇನ್ನೊಂದು ವಾಲ್ವನ್ನು ಮುಚ್ಚಿಸಿದರು. ಅಷ್ಟರಲ್ಲಿ ಇಂಧನಕ್ಕೆ ಹಾನಿಯಾಗಿತ್ತು. ರಾತ್ರಿಯಿಡೀ ಅದೇ ಫಲಕವನ್ನು ದಿಟ್ಟಿಸಿದ್ದ ಕಣ್ಣಿಗೆ ಕಾಣದ್ದು ಹೊಸದಾಗಿ ಬಂದ ಕಣ್ಣಿಗೆ ಕಂಡಿತು.

ಇದರ ಇನ್ನೊಂದು ಮುಖವೂ ಇದೆ. ಬೆಳಗಾಗುತ್ತಿದ್ದಂತೆ ಅದೇ ನಿಯಂತ್ರಣ ಕೊಠಡಿಯಲ್ಲಿ ಜನ ಕಿಕ್ಕಿರಿದರು, ಫೋನ್ ಲೈನುಗಳು ಜಾಮ್ ಆದವು. ಮೊದಲು ಆಳು ಸಾಲದೆ ಕಷ್ಟ, ಆಮೇಲೆ ಆಳು ಹೆಚ್ಚಾಗಿ ಕಷ್ಟ! ಮುಂದೆ ಬಂದ ನಿಯಮಗಳಲ್ಲಿ ಈ ಎರಡೂ ಪಾಠಗಳ ಗುರುತು ಕಾಣುತ್ತದೆ.

1980ರ ನವೆಂಬರಿನಲ್ಲಿ ನಿಯಂತ್ರಕರು ಮತ್ತು ಅಲ್ಲಿನ ತುರ್ತು ನಿರ್ವಹಣಾ ಸಂಸ್ಥೆ ಒಟ್ಟಾಗಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಒಂದು ಕೋಷ್ಟಕವಿದೆ. ಈ ಕ್ಷೇತ್ರದವರೆಲ್ಲ ಅದನ್ನು 'ಬಿ-1' ಎಂದೇ ಕರೆಯುತ್ತಾರೆ. ಅದರ ಪ್ರಕಾರ ಯಾವ ಹೊತ್ತಿನಲ್ಲೂ ಪಾಳಿಯಲ್ಲಿ ಕನಿಷ್ಠ 10 ಮಂದಿ ಇರಬೇಕು; ಕರೆ ಹೋದ 30 ನಿಮಿಷದಲ್ಲಿ ಇನ್ನೂ 11 ಮಂದಿ, 60 ನಿಮಿಷದಲ್ಲಿ ಮತ್ತೆ 15 ಮಂದಿ ಬಂದು ಸೇರಬೇಕು. ಆ ಹತ್ತು ಮಂದಿಯೆಂದರೆ ಪಾಳಿಯ ಮುಖ್ಯಸ್ಥರು, ಅವರ ಕೆಳಗೊಬ್ಬ ಫೋರ್‌ಮನ್, ನಿಯಂತ್ರಣ ಕೊಠಡಿಯ ಇಬ್ಬರು ಆಪರೇಟರುಗಳು, ಸ್ಥಾವರದೊಳಗೆ ಓಡಾಡಿ ಕೈಯಾರೆ ಕೆಲಸ ಮಾಡುವ ಇಬ್ಬರು ಸಹಾಯಕ ಆಪರೇಟರುಗಳು, ಹೊರಗಿನವರಿಗೆ ಸುದ್ದಿ ಮುಟ್ಟಿಸುವವರೊಬ್ಬರು, ವಿಕಿರಣ ಅಳೆಯುವವರೊಬ್ಬರು, ರಸಾಯನ ಪರೀಕ್ಷೆಯವರೊಬ್ಬರು ಮತ್ತು ಪಾಳಿಯ ತಾಂತ್ರಿಕ ಸಲಹೆಗಾರರು. ಈ ಸಲಹೆಗಾರರ ಹುದ್ದೆ ತ್ರೀ ಮೈಲ್ ಐಲೆಂಡಿನ ನೇರ ಫಲ. ಸ್ವಿಚ್ಚಿಗೆ ಕೈ ಹಚ್ಚದೆ, ಹಿಂದೆ ನಿಂತು, ಒಟ್ಟಾರೆ ಚಿತ್ರವನ್ನು ನೋಡುವ ಎಂಜಿನಿಯರೊಬ್ಬರು ಕರೆದ ಹತ್ತು ನಿಮಿಷದಲ್ಲಿ ನಿಯಂತ್ರಣ ಕೊಠಡಿಗೆ ಬರುವಂತಿರಬೇಕು ಎಂಬುದು ಅದರ ಕಲ್ಪನೆ. ಬೆಳಗಿನ ಆರೂಕಾಲಿಗೆ ಬಂದ ಆ ಹೊಸ ಕಣ್ಣನ್ನು ರಾತ್ರಿಯಿಡೀ ಒಳಗೇ ಇಟ್ಟುಕೊಳ್ಳುವ ಏರ್ಪಾಡು ಇದು ಎನ್ನಬಹುದು.

ಕಾವಲುಗಾರರೂ ಅಗ್ನಿಶಾಮಕ ತಂಡವೂ ಈ ಹತ್ತರ ಲೆಕ್ಕದಲ್ಲಿಲ್ಲ. ಪ್ರತಿ ಪಾಳಿಗೆ ಕನಿಷ್ಠ ಐವರ ಅಗ್ನಿಶಾಮಕ ತಂಡ ಇರಬೇಕೆಂದೂ, ಪಾಳಿಯ ಮುಖ್ಯಸ್ಥರು ಆ ತಂಡದ ಸದಸ್ಯರಾಗಿರಬಾರದೆಂದೂ ಪ್ರತ್ಯೇಕ ನಿಯಮವಿದೆ. ಲೈಸೆನ್ಸ್ ಪಡೆದ ಆಪರೇಟರುಗಳ ಸಂಖ್ಯೆಗೂ ಬೇರೆಯದೇ ನಿಯಮ: ಚಾಲನೆಯಲ್ಲಿರುವ ಒಂದೇ ಘಟಕದ ಸ್ಥಾವರವಾದರೆ ಇಬ್ಬರು ಹಿರಿಯ ಆಪರೇಟರುಗಳು, ಇಬ್ಬರು ಆಪರೇಟರುಗಳು. ಘಟಕಗಳು ಹೆಚ್ಚಿದಂತೆ ಸಂಖ್ಯೆಯೂ ಹೆಚ್ಚುತ್ತದೆ.

ಕಾಗದದ ಮೇಲೆ ಇದೆಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ಸುದ್ದಿ ಮುಟ್ಟಿಸುವವರ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಯಂತ್ರಗಳ ಸೂಚನೆ ಕೈಗೆ ಸಿಕ್ಕ 15 ನಿಮಿಷದೊಳಗೆ ಪಾಳಿಯ ಮುಖ್ಯಸ್ಥರು ಪರಿಸ್ಥಿತಿಯನ್ನು ನಾಲ್ಕು ದರ್ಜೆಗಳಲ್ಲಿ ಒಂದಕ್ಕೆ ಸೇರಿಸಿ ತುರ್ತು ಸ್ಥಿತಿ ಘೋಷಿಸಬೇಕು. ಘೋಷಿಸಿದ 15 ನಿಮಿಷದೊಳಗೆ ರಾಜ್ಯ ಮತ್ತು ಸ್ಥಳೀಯ ಆಡಳಿತಕ್ಕೆ ಸುದ್ದಿ ತಲುಪಬೇಕು. ಬಳಿಕ, ಒಂದು ಗಂಟೆ ಮೀರದಂತೆ, ಫೆಡರಲ್ ನಿಯಂತ್ರಕರಿಗೂ ತಿಳಿಸಬೇಕು. ಇದಕ್ಕಾಗಿ ಮೊದಲೇ ಅಚ್ಚು ಹಾಕಿಸಿಟ್ಟ ನಮೂನೆ ಇರುತ್ತದೆ. ಅದನ್ನು ತುಂಬಿಸಿ, ಮುಖ್ಯಸ್ಥರ ಒಪ್ಪಿಗೆ ಪಡೆದು, ಫೋನೆತ್ತಿ, ಆ ಕಡೆಯವರು ಬರೆದುಕೊಳ್ಳುವ ವೇಗಕ್ಕೆ ತಕ್ಕಂತೆ ನಿಧಾನವಾಗಿ ಓದಬೇಕು. ಪರಿಸ್ಥಿತಿ ಬಿಗಡಾಯಿಸಿ ದರ್ಜೆ ಏರಿದರೆ ಇನ್ನೊಂದು ನಮೂನೆ, ಮತ್ತೆ 15 ನಿಮಿಷದ ಗಡುವು. ಫೋನು ಹಿಡಿದವರು ಅಗ್ನಿಶಾಮಕ ತಂಡದಲ್ಲೂ ಇದ್ದು, ಅದೇ ಹೊತ್ತಿಗೆ ಟರ್ಬೈನ್ ಕಟ್ಟಡಕ್ಕೆ ಬೆಂಕಿ ಬಿದ್ದಿದ್ದರೆ ಗತಿಯೇನು? ಪಟ್ಟಿಯಲ್ಲಿ ಎರಡೂ ಹುದ್ದೆ ಭರ್ತಿಯಾಗಿವೆ, ಕೋಷ್ಟಕಕ್ಕೆ ತೃಪ್ತಿಯಾಗಿದೆ. ಆದರೆ ಮನುಷ್ಯ ಒಬ್ಬನೇ. ಒಂದೇ ತಲೆಗೆ ಎರಡು ಪೇಟ ತೊಡಿಸುವ ಈ ರೂಢಿಯೇ ಇಡೀ ವ್ಯವಸ್ಥೆಯ ಹಳೆಯ ದೌರ್ಬಲ್ಯವೆಂದು ನನ್ನ ಅಭಿಪ್ರಾಯ.

ಇದನ್ನು ತಡೆಯುವ ತಿದ್ದುಪಡಿ ಬಂದದ್ದು 2011ರ ನವೆಂಬರಿನಲ್ಲಿ. ಪಾಳಿಯಲ್ಲಿರುವ ಯಾರಿಗೂ, ಅವರ ತುರ್ತು ಕರ್ತವ್ಯವನ್ನು ಸಕಾಲಕ್ಕೆ ಮಾಡಲಾಗದಂತೆ ಅಡ್ಡಬರುವ ಇನ್ನೊಂದು ಹೊಣೆಯನ್ನು ವಹಿಸಿಲ್ಲವೆಂದು 2012ರ ಡಿಸೆಂಬರ್ 24ರೊಳಗೆ ವಿಶ್ಲೇಷಣೆ ಮಾಡಿ ತೋರಿಸಬೇಕೆಂದು ಎಲ್ಲ ಸ್ಥಾವರಗಳಿಗೂ ವಿಧಿಸಲಾಯಿತು. ಆ ವಿಶ್ಲೇಷಣೆಯ ಕ್ರಮ ಕುತೂಹಲಕರವಾಗಿದೆ. ಶಾಲೆಯ ವೇಳಾಪಟ್ಟಿಯಂತೆ ಐದೈದು ನಿಮಿಷದ ಮನೆಗಳನ್ನು 90 ನಿಮಿಷದವರೆಗೆ ಎಳೆದು, ಎಡಬದಿಗೆ ಪಾಳಿಯ ಹುದ್ದೆಗಳನ್ನು ಬರೆದು, ಯಾವ ಕೆಲಸ ಯಾವ ಮನೆಯಲ್ಲಿ ಬೀಳುತ್ತದೆ ಎಂದು ಗುರುತು ಹಾಕುತ್ತಾರೆ. ವಿದ್ಯುತ್ ಪೂರ್ಣ ಕಡಿದುಹೋಗುವುದು, ಬೆಂಕಿಯಿಂದಾಗಿ ನಿಯಂತ್ರಣ ಕೊಠಡಿಯನ್ನೇ ಬಿಟ್ಟು ಹೊರಗಿನಿಂದ ರಿಯಾಕ್ಟರನ್ನು ಶಾಂತಗೊಳಿಸಬೇಕಾಗುವುದು, ಹೊರಗಿನವರ ದಾಳಿ ಮುಂತಾದ ಒಂದೊಂದು ಸನ್ನಿವೇಶಕ್ಕೂ ಒಂದೊಂದು ಪಟ್ಟಿ. ಒಬ್ಬರ ಸಾಲಿನ ಒಂದೇ ಮನೆಯಲ್ಲಿ ಎರಡು ಗುರುತು ಬಿದ್ದು, ಎರಡನ್ನೂ ನಿಭಾಯಿಸಲಾಗದೆಂದು ಕಂಡರೆ, ಕೆಲಸವನ್ನು ಬೇರೆಯವರಿಗೆ ಹಂಚಬೇಕು ಅಥವಾ ಪಾಳಿಗೆ ಆಳು ಸೇರಿಸಬೇಕು.

ಇನ್ನು ಮನೆಯಿಂದ ಬರಬೇಕಾದವರ ವಿಷಯ. ಅವರೆಲ್ಲ ನೇರವಾಗಿ ನಿಯಂತ್ರಣ ಕೊಠಡಿಗೆ ನುಗ್ಗುವಂತಿಲ್ಲ. ಎಂಜಿನಿಯರುಗಳಿಗೆ ತಾಂತ್ರಿಕ ಬೆಂಬಲ ಕೇಂದ್ರವಿದ್ದು, ಅದು ನಿಯಂತ್ರಣ ಕೊಠಡಿಯಿಂದ ಎರಡು ನಿಮಿಷದ ನಡಿಗೆಯೊಳಗೆ ಇರಬೇಕೆಂದು 1981ರ ಮಾರ್ಗಸೂಚಿ ಹೇಳುತ್ತದೆ. ರಿಪೇರಿಯವರು ಸೇರುವ ಜಾಗ ಬೇರೆ, ಹೊರಗಿನ ಆಡಳಿತದೊಡನೆ ವ್ಯವಹರಿಸುವ ಕೇಂದ್ರ ಬೇರೆ. ಕೆಲಸಕ್ಕೆ ಬರುವ ಮುನ್ನ ಐದು ಗಂಟೆ ಮದ್ಯ ಮುಟ್ಟಬಾರದೆಂಬ ನಿಯಮ ಎಲ್ಲರಿಗೂ ಇದೆ. ಆದರೆ ರಾತ್ರಿ ಮದುವೆ ಊಟ ಮುಗಿಸಿ ಮಲಗಿದವನಿಗೆ ಎರಡು ಗಂಟೆಗೆ ಫೋನು ಬಂದರೆ? ಕುಡಿದಿದ್ದರೆ ಆಗಲೇ ಹಾಗೆಂದು ಹೇಳಬೇಕು. ಹೇಳಿದ ಮಾತ್ರಕ್ಕೆ ಶಿಕ್ಷೆಯಿಲ್ಲ. ಅವನಿಲ್ಲದೆ ಆಗದು ಎನ್ನುವಂತಿದ್ದರೆ ತಕ್ಕ ಕಟ್ಟುಪಾಡಿನೊಳಗೆ ಕರೆಸಿಕೊಳ್ಳಲೂಬಹುದು. ನಿಯಮ ಬರೆದವರು ಲೋಕ ಬಲ್ಲವರು ಎಂದು ನನಗೆ ಅನ್ನಿಸಿದ್ದು ಇಲ್ಲಿಯೇ.

2019ರ ಡಿಸೆಂಬರಿನಲ್ಲಿ ಮಾರ್ಗಸೂಚಿ ಪರಿಷ್ಕೃತವಾದಾಗ 30 ಮತ್ತು 60 ನಿಮಿಷಗಳ ಅಂಕಣಗಳು 60 ಮತ್ತು 90 ನಿಮಿಷಗಳಿಗೆ ಸರಿದವು. ಯಂತ್ರಗಳು ಸುಧಾರಿಸಿವೆ, ವಿಕಿರಣದ ಲೆಕ್ಕವನ್ನು ಕಂಪ್ಯೂಟರೇ ಹಾಕುತ್ತದೆ ಎಂಬುದು ನಿಜ. ಆದರೆ ಬರುವವರಿಗೆ ಕೊಟ್ಟ ಹೆಚ್ಚುವರಿ ಅರ್ಧ ಗಂಟೆಯೆಂದರೆ ಒಳಗಿರುವವರ ಹೆಗಲಿಗೆ ಬಿದ್ದ ಹೆಚ್ಚುವರಿ ಅರ್ಧ ಗಂಟೆ ಎಂಬುದೂ ಅಷ್ಟೇ ನಿಜ. ಮೇಲೆ ಹೇಳಿದ ಐದೈದು ನಿಮಿಷದ ಪಟ್ಟಿ ಇಲ್ಲದಿದ್ದರೆ ಈ ಸಡಿಲಿಕೆಯನ್ನು ಒಪ್ಪುವುದು ಕಷ್ಟವಾಗುತ್ತಿತ್ತು.

ಈ ಎಲ್ಲ ಲೆಕ್ಕದ ಕೆಳಗೊಂದು ಊಹೆ ಅಡಗಿತ್ತು: ಕೆಡುವುದು ಒಂದೇ ಘಟಕ, ರಸ್ತೆ ಸರಿಯಾಗಿರುತ್ತದೆ, ಫೋನು ಕೆಲಸ ಮಾಡುತ್ತದೆ. 2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾದಲ್ಲಿ ಮೂರೂ ಸುಳ್ಳಾದವು. ಅಲ್ಲಿ ಎರಡೆರಡು ಘಟಕಗಳಿಗೆ ಒಂದೊಂದು ನಿಯಂತ್ರಣ ಕೊಠಡಿ. ಸುನಾಮಿಯ ನಂತರ ಕತ್ತಲಲ್ಲಿ ಕುಳಿತ ಆಪರೇಟರುಗಳು ಸಿಬ್ಬಂದಿಯ ಕಾರುಗಳಿಂದ ಬಿಚ್ಚಿ ತಂದ ಬ್ಯಾಟರಿಗಳನ್ನು ಜೋಡಿಸಿ ಮಾಪಕಗಳನ್ನು ಓದಬೇಕಾಯಿತು. ಮಾರ್ಚ್ 15ರ ಬೆಳಗ್ಗೆ ಸುಮಾರು 650 ಮಂದಿಯನ್ನು ಪಕ್ಕದ ಸ್ಥಾವರಕ್ಕೆ ಕಳುಹಿಸಿದಾಗ ಉಳಿದವರು ಸುಮಾರು 70. ಇದಾದ ಒಂದು ವರ್ಷಕ್ಕೆ, 2012ರ ಮಾರ್ಚ್ 12ರಂದು, ಅಮೆರಿಕದ ನಿಯಂತ್ರಕರು ತಮ್ಮ ಸ್ಥಾವರಗಳಿಗೆಲ್ಲ ಪತ್ರ ಬರೆದು, ಎಲ್ಲ ಘಟಕಗಳೂ ಒಟ್ಟಿಗೆ ವಿದ್ಯುತ್ ಕಳೆದುಕೊಂಡರೆ ಆಳು ಸಾಕೇ ಎಂದು ಕೇಳಿದರು. ಅದಕ್ಕಾಗಿ ಒಪ್ಪಿಕೊಂಡ ಲೆಕ್ಕ ಕಠಿಣವಾದದ್ದು: ಮೊದಲ 6 ಗಂಟೆ ಹೊರಗಿನಿಂದ ಒಬ್ಬರೂ ಒಳಗೆ ಬರಲಾರರು, 6ರಿಂದ 24 ಗಂಟೆಯವರೆಗೆ ಕೆಲವರಷ್ಟೇ ಹೇಗಾದರೂ ಬಂದಾರು. ಮೂವತ್ತು ನಿಮಿಷದ ಭರವಸೆಯಿಂದ ಆರು ಗಂಟೆಯ ಒಂಟಿತನಕ್ಕೆ ಬಂದು ನಿಂತದ್ದು ಈ ನಿಯಮಗಳ ಇತಿಹಾಸದಲ್ಲೇ ದೊಡ್ಡ ತಿರುವು.

ಆದರೆ ಆ ಒಂಟಿತನ ಹೇಗಿರುತ್ತದೆಂಬುದು ಭಾರತಕ್ಕೆ 1993ರಲ್ಲೇ ಗೊತ್ತಾಗಿತ್ತು. ಆ ವರ್ಷ ಮಾರ್ಚ್ 31ರ ನಸುಕಿನ ಮೂರೂವರೆಯ ಸುಮಾರಿಗೆ ಉತ್ತರ ಪ್ರದೇಶದ ನರೋರಾ ಸ್ಥಾವರದ ಮೊದಲ ಘಟಕದಲ್ಲಿ ಟರ್ಬೈನಿನ ಅಲಗುಗಳು ಮುರಿದು, ಜಲಜನಕ ಸೋರಿ, ಬೆಂಕಿ ಹೊತ್ತಿಕೊಂಡಿತು. ಆಪರೇಟರುಗಳು ಕೂಡಲೇ ರಿಯಾಕ್ಟರನ್ನು ನಿಲ್ಲಿಸಿದರು. ಕೇಬಲ್ಲುಗಳು ಸುಟ್ಟು ಸುಮಾರು 17 ಗಂಟೆ ಘಟಕಕ್ಕೆ ವಿದ್ಯುತ್ತೇ ಇರಲಿಲ್ಲ. ಹೊಗೆ ತುಂಬಿದ ನಿಯಂತ್ರಣ ಕೊಠಡಿಯನ್ನು ಬಿಟ್ಟು ಹೊರಬರಬೇಕಾಯಿತು. ಆಗ ಪಾಳಿಯವರು ಟಾರ್ಚ್ ಹಿಡಿದು ರಿಯಾಕ್ಟರ್ ಕಟ್ಟಡದ ಮೇಲೆ ಹತ್ತಿ, ಅಣು ಕ್ರಿಯೆ ಮತ್ತೆ ಶುರುವಾಗದಂತೆ ತಡೆಯುವ ಬೋರಾನ್ ದ್ರಾವಣ ಕೆಳಗಿಳಿಯುವಂತೆ ವಾಲ್ವುಗಳನ್ನು ಕೈಯಿಂದಲೇ ತೆರೆದರು. ಬೆಂಕಿ ಆರಿಸಲೆಂದು ಇಟ್ಟಿದ್ದ ಡೀಸೆಲ್ ಪಂಪುಗಳ ನೀರನ್ನು ಉಗಿ ಉತ್ಪಾದಕಗಳಿಗೆ ಹರಿಸಿ ಶಾಖ ಇಳಿಸಿದರು. ವಾಲ್ವಿನ ಬಳಿಗೆ ಹೋಗುವವರು, ಪಂಪು ಚಾಲೂ ಮಾಡುವವರು, ಬೆಂಕಿಯೊಡನೆ ಹೋರಾಡುವವರು, ಈ ಮೂರಕ್ಕೂ ಒಂದೇ ಹೊತ್ತಿನಲ್ಲಿ ಬೇರೆ ಬೇರೆ ಕೈಗಳು ಬೇಕಿದ್ದವು.

ನಮ್ಮ ಉತ್ತರ ಕನ್ನಡದ ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಇಲ್ಲಿ ಪಾಳಿಯ ಮುಖ್ಯಸ್ಥರು ಶಿಫ್ಟ್ ಚಾರ್ಜ್ ಎಂಜಿನಿಯರ್. ಮೇಲ್ವಿಚಾರಣೆ ಅಣುಶಕ್ತಿ ನಿಯಂತ್ರಣ ಮಂಡಳಿಯದು. ತುರ್ತು ಸ್ಥಿತಿ ಸ್ಥಾವರದೊಳಗಿನದೇ, ಇಡೀ ಆವರಣದ್ದೇ, ಹೊರಗಿನ ಜನರನ್ನೂ ಮುಟ್ಟುವಂಥದ್ದೇ ಎಂದು ಮೂರು ಬಗೆ. ಅಣಕು ಕಾರ್ಯಾಚರಣೆಗಳು ಕ್ರಮವಾಗಿ ಮೂರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ ನಡೆಯಬೇಕು. ಮೂರನೆಯ ಬಗೆಯಲ್ಲಿ, ಸುತ್ತಲಿನ 16 ಕಿಲೋಮೀಟರ್ ವಲಯದ ಜನರ ರಕ್ಷಣೆಯ ಹೊಣೆ ಜಿಲ್ಲಾಡಳಿತದ್ದು, ಅಂದರೆ ಜಿಲ್ಲಾಧಿಕಾರಿಯವರದ್ದು. ಸಿಬ್ಬಂದಿಯ ವಸತಿ ಕಾಲೊನಿ ಇರುವುದು ಮಲ್ಲಾಪುರದಲ್ಲಿ. ಮನೆಯಿಂದ ಕರೆಸಿಕೊಳ್ಳಬೇಕಾದವರು ಕಾಡಿನ ನಡುವಿನ ರಸ್ತೆಯಲ್ಲಿ ಬರಬೇಕು. ಘಟ್ಟದ ಸೆರಗಿನಲ್ಲಿ ಆಷಾಢದ ಮಳೆಗೆ ಮರ ಬಿದ್ದ ರಾತ್ರಿ ಅರ್ಧ ಗಂಟೆಯ ದಾರಿಗೆ ಎಷ್ಟು ಹೊತ್ತು ಬೇಕೆಂದು ಆ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಈಗ ತಲಾ 700 ಮೆಗಾವ್ಯಾಟಿನ ಇನ್ನೆರಡು ಘಟಕಗಳ ಕೆಲಸ ಕೈಗೆತ್ತಿಕೊಳ್ಳಲಾಗಿದೆ. ಅವೂ ಸೇರಿದರೆ ಒಂದೇ ಕಣಿವೆಯಲ್ಲಿ ಆರು ಘಟಕಗಳಾಗುತ್ತವೆ. ಪ್ರಶ್ನೆ ಕಳುಹಿಸಿದ ಓದುಗರು ಮುಂದಿನ ಅಣಕು ಕಾರ್ಯಾಚರಣೆಯ ಸುದ್ದಿಯನ್ನು ಓದುವಾಗ, ಎಷ್ಟು ಜನ ಭಾಗವಹಿಸಿದರು ಎಂಬುದನ್ನು ಬಿಟ್ಟು, ಅದು ನಡೆದದ್ದು ಹಗಲಿನಲ್ಲೋ ರಾತ್ರಿಯಲ್ಲೋ, ಒಂದು ಘಟಕಕ್ಕೋ ಎಲ್ಲಕ್ಕೂ ಒಟ್ಟಿಗೋ, ಮುಂಚಿತವಾಗಿ ತಿಳಿಸಿಯೋ ತಿಳಿಸದೆಯೋ ಎಂಬುದನ್ನು ಗಮನಿಸಲಿ.