ಒರಗು ಸೈಕಲ್

ರಿಕಂಬೆಂಟ್ ಸೈಕಲ್ಲನ್ನು ರಸ್ತೆಯಲ್ಲಿ ಕಂಡವರು ‘ಮಲ್ಕೊಂಡು ಹೊಡೆಯೋ ಸೈಕಲ್ಲು’ ಅನ್ನುತ್ತಾರೆ. ನಾನು ‘ಒರಗು ಸೈಕಲ್’ ಅನ್ನುತ್ತೇನೆ. ಮೂಲ ಲ್ಯಾಟಿನ್ ಪದದಲ್ಲೂ ಹಿಂದಕ್ಕೆ ಒರಗುವ ಅರ್ಥವಿದೆ, ಆದರೆ ನನ್ನ ಕಾರಣ ಬೇರೆ. ಮಲಗುವುದಕ್ಕೆ ನೆಲ ಸಾಕು. ಒರಗಬೇಕಾದರೆ ಬೆನ್ನಿಗೆ ಆಸರೆ ಬೇಕು: ಜಗಲಿಯ ಕಂಬವೋ ಗೋಡೆಯೋ ದಿಂಬೋ. ಈ ಸೈಕಲ್ಲಿನ ಗುಟ್ಟೆಲ್ಲ ಆ ಆಸರೆಯಲ್ಲಿದೆ.

ಮಾಮೂಲಿ ಸೈಕಲ್ಲಿನಲ್ಲಿ ಮೈಭಾರವನ್ನು ಅಂಗೈಯಗಲದ ಸೀಟು, ಪೆಡಲ್, ಹ್ಯಾಂಡಲ್ ಹಂಚಿಕೊಳ್ಳುತ್ತವೆ. ಹಾಸನದಿಂದ ಬೇಲೂರಿಗೆ ಸುಮಾರು 40 ಕಿ.ಮೀ. ತುಳಿದರೆ ನನಗೆ ಅಂಗೈ ಜೋಮು ಹಿಡಿಯುತ್ತಿತ್ತು, ಕತ್ತು ಬಿಗಿಯುತ್ತಿತ್ತು. ಒರಗು ಸೈಕಲ್ಲಿನಲ್ಲಿ ಪೆಡಲ್ ಮುಂದಿರುತ್ತದೆ, ಸೀಟು ಜಾಲರಿ ಬಟ್ಟೆಯ ಕುರ್ಚಿಯಂತಿರುತ್ತದೆ. ಭಾರ ಸೊಂಟದಿಂದ ಹೆಗಲವರೆಗೆ ಹರಡುತ್ತದೆ. ಕೈಗೆ ತಿರುಗಿಸುವುದು, ಬ್ರೇಕ್ ಹಿಡಿಯುವುದು ಬಿಟ್ಟರೆ ಬೇರೆ ಕೆಲಸವಿಲ್ಲ.

ಗೆಳೆಯರ ಮೂರು ಚಕ್ರದ ಒರಗು ಸೈಕಲ್ಲನ್ನು ಒಮ್ಮೆ ಹಗರೆಯಲ್ಲಿ ಟೀ ಅಂಗಡಿ ಮುಂದೆ ನಿಲ್ಲಿಸಿದ್ದೆ. ಹಿರಿಯರೊಬ್ಬರು, ‘ಒಂದ್ಸಲ ಕೂತ್ಕೊಳ್ಳಲಾ?’ ಅಂದರು. ಕೂತವರು ಅಭ್ಯಾಸಬಲದಿಂದ ಮುಂದಕ್ಕೆ ಬಗ್ಗಿ, ಹ್ಯಾಂಡಲ್ ಗಟ್ಟಿ ಹಿಡಿದು ತುಳಿಯಹೊರಟರು. ಕಾಲು ನಡುಗಿತೇ ಹೊರತು ಗಾಡಿ ಕದಲಲಿಲ್ಲ. ‘ಬೆನ್ನು ಒರಗಿಸಿ ಯಜಮಾನ್ರೇ, ಹಿಂದಕ್ಕೆ ಒತ್ತಿ’ ಅಂದೆ. ಒರಗಿದ್ದೇ ತಡ, ಸರಕ್ಕನೆ ಹೊರಟಿತು. ಮಾಮೂಲಿ ಸೈಕಲ್ಲಿನಲ್ಲಿ ಪೆಡಲ್ ಒತ್ತಲು ಮೈತೂಕ ನೆರವಾಗುತ್ತದೆ. ಇಲ್ಲಿ ಆ ಕೆಲಸ ಬೆನ್ನ ಹಿಂದಿನ ಆಸರೆಯದು.

ಆರಾಮ ಅನ್ನುವುದು ಸೀಟಿನ ಜೊತೆ ತಾನಾಗಿ ಬರುವುದಿಲ್ಲ, ಅಳತೆ ಕೂಡಬೇಕು. ಪೆಡಲ್ ಇರುವ ಮುಂದಿನ ಪೈಪನ್ನು ಹಿಂದೆಮುಂದೆ ಸರಿಸಬಹುದು. ಪೆಡಲ್ ಅತಿ ದೂರ ಹೋದಾಗ ಅದರ ಮೇಲಿಟ್ಟ ಹಿಮ್ಮಡಿಗೆ ಕಾಲು ನೇರವಾಗಬೇಕು. ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದರೆ ಮಂಡಿ ಕೊಂಚ ಬಾಗಿರುತ್ತದೆ. ಪೈಪು ತೀರ ಹತ್ತಿರವಿದ್ದರೆ ಮಂಡಿ ನೋಯುತ್ತದೆ. ದೂರವಿದ್ದರೆ ಪ್ರತಿ ಸುತ್ತಿಗೂ ಸೊಂಟ ಜಗ್ಗುತ್ತದೆ. ಕಾಲು ಎತ್ತರದಲ್ಲಿರುವುದರಿಂದ ಕೆಲವರಿಗೆ ಬೆರಳು ಜೋಮು ಹಿಡಿಯುತ್ತದೆ. ಶೂ ಲೇಸು ಸಡಿಲಿಸಿ, ಪಾದವನ್ನು ಪೆಡಲ್ ಮೇಲೆ ತುಸು ಮುಂದಕ್ಕೆ ಸರಿಸಿದರೆ ಬಹುಪಾಲು ತಗ್ಗುತ್ತದೆ.

ಎಷ್ಟು ಒರಗಬೇಕು ಅನ್ನುವುದು ಬಳಕೆಗೆ ಬಿಟ್ಟದ್ದು. ವೇಗದ ಸೈಕಲ್ಲುಗಳಲ್ಲಿ ಬೆನ್ನು ನೆಲಕ್ಕೆ 25 ಡಿಗ್ರಿಯಷ್ಟೇ ಎದ್ದಿರಬಹುದು. ಗಾಳಿಯ ತಡೆ ಕಡಿಮೆ, ಆದರೆ ತಲೆದಿಂಬಿಲ್ಲದೆ ಕತ್ತು ಸೋಲುತ್ತದೆ. ಹೆಚ್ಚು ನೇರ ಕೂತರೆ ಭಾರವೆಲ್ಲ ಮತ್ತೆ ಕುಂಡೆಗೇ ಬೀಳುತ್ತದೆ. ದೂರದ ಓಡಾಟಕ್ಕೆ 40 ಡಿಗ್ರಿ ಆಸುಪಾಸು ನನಗೆ ಹಿತ.

ಇದು ಇತ್ತೀಚಿನ ಶೋಕಿಯಲ್ಲ. 1933ರ ಜುಲೈ 7ರಂದು ಪ್ಯಾರಿಸ್ಸಿನಲ್ಲಿ ಫ್ರಾನ್ಸಿಸ್ ಫೋರ್ ಇಂಥದ್ದರ ಮೇಲೆ ಒಂದು ಗಂಟೆಯಲ್ಲಿ 45.055 ಕಿ.ಮೀ. ಓಡಿಸಿ 1914ರ ದಾಖಲೆ ಮುರಿದ. ಮರುವರ್ಷವೇ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಸೈಕಲ್ಲಿನ ವ್ಯಾಖ್ಯೆ ಬಿಗಿಗೊಳಿಸಿ ಇದನ್ನು ರೇಸಿನಿಂದ ಹೊರಗಿಟ್ಟಿತು. ಅನ್ಯಾಯವೆಂದೇ ನನಗನಿಸುತ್ತದೆ.

ನಮ್ಮ ಕಡೆಯ ರಸ್ತೆಗೆ ಎರಡು ಮಾತು. ಮುಳ್ಳಯ್ಯನಗಿರಿಯಂಥ ಏರಿನಲ್ಲಿ ಎದ್ದು ನಿಂತು ತುಳಿಯಲು ಆಗುವುದಿಲ್ಲ. ಬೆನ್ನಿಗೆ ಆಸರೆ ಇದೆಯಲ್ಲ ಎಂದು ಮೈತೂಕಕ್ಕಿಂತ ಹೆಚ್ಚು ಒತ್ತಿಬಿಡಬಹುದು. ಆಗ ಮಂಡಿ ಹೋಗುತ್ತದೆ. ಚಿಕ್ಕ ಗೇರಿಗೆ ಇಳಿದು ಹಗುರಾಗಿ, ಬೇಗಬೇಗ ತುಳಿಯಿರಿ. ಮೂರು ಚಕ್ರದ್ದಾದರೆ ಎಷ್ಟು ನಿಧಾನ ಹೋದರೂ ವಾಲುವ ಭಯವಿಲ್ಲ. ಲಾರಿಯವರ ಕಣ್ಣಿಗೆ ಬೀಳಲು ಕೋಲಿಗೆ ಎತ್ತರದ ಬಾವುಟ ಬೇಕು. ಹಂಪು ಬಂದಾಗ ಕುಂಡೆ ಎತ್ತಲಾಗದು, ಏಟು ನೇರ ಬೆನ್ನಿಗೆ, ಹಾಗಾಗಿ ಮೊದಲೇ ನಿಧಾನಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಓಡುವಾಗ ಪೆಡಲಿನಿಂದ ಕಾಲು ಜಾರಿ ನೆಲ ತಾಗಿದರೆ ಗಾಡಿ ಅದರ ಮೇಲೆಯೇ ಹಾಯುತ್ತದೆ. ಪಾದವನ್ನು ಪೆಡಲಿಗೆ ಹಿಡಿದಿಡುವ ಪಟ್ಟಿ ಬಿಗಿಯದೆ ಇಳಿಜಾರಿಗೆ ಬಿಡಲೇಬೇಡಿ.