ಪದ ಪರಿಚಯ: ಫೀಲ್ಡ್ ಡೇ

ಕರೆಂಟಿನ ಲೈನು, ಖಾಯಂ ಟವರು ಎರಡನ್ನೂ ಬಿಟ್ಟು ಬಯಲಲ್ಲಿ ಒಂದೆರಡು ದಿನಕ್ಕೆ ಹ್ಯಾಮ್ ರೇಡಿಯೋ (ಹವ್ಯಾಸಿಗಳ ರೇಡಿಯೋ ಸಂಪರ್ಕ) ನಿಲ್ದಾಣ ಕಟ್ಟಿ, ಸಿಕ್ಕಷ್ಟು ನಿಲ್ದಾಣಗಳೊಡನೆ ಮಾತಾಡಿ, ಎಲ್ಲವನ್ನೂ ಬಿಚ್ಚಿಕೊಂಡು ಬರುವುದೇ ಫೀಲ್ಡ್ ಡೇ. ಅಮೆರಿಕದ ಹ್ಯಾಮ್‌ಗಳ ಸಂಘ ಎಆರ್‌ಆರ್‌ಎಲ್ ಇದನ್ನು ಶುರುಮಾಡಿದ್ದು 1933ರಲ್ಲಿ. ಇದು ಸ್ಪರ್ಧೆಯಲ್ಲ ಎನ್ನುತ್ತಾರೆ, ಅಂಕ ಮಾತ್ರ ಎಣಿಸುತ್ತಾರೆ!

ಅದರ ದಿನ ಜೂನ್‌ನ ನಾಲ್ಕನೇ ಪೂರ್ಣ ವಾರಾಂತ್ಯ. ಕಾಸರಗೋಡಿಗೆ ಅದು ಜಡಿಮಳೆಯ ಕಾಲ. ಹಾಗಾಗಿ ಇಲ್ಲಿಗೆ ಹೊಂದುವುದು ಅಕ್ಟೋಬರ್ ಕೊನೆಯ ಪೂರ್ಣ ವಾರಾಂತ್ಯದ ಸಿಕ್ಯು ವರ್ಲ್ಡ್‌ವೈಡ್ ಎಂಬ ಹ್ಯಾಮ್ ಸ್ಪರ್ಧೆ: ಶನಿವಾರ ಬೆಳಗ್ಗೆ 5:30ಕ್ಕೆ ಶುರು, 48 ಗಂಟೆ. ಲಾಗ್, ಅಂದರೆ ಮಾತಾಡಿದ ನಿಲ್ದಾಣಗಳ ಪಟ್ಟಿ, ಬರೆಯುವುದು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ. ನಮ್ಮ ಗಡಿಯಾರ ನೋಡಿ ಬರೆದರೆ ಐದೂವರೆ ಗಂಟೆ ತಪ್ಪುತ್ತದೆ.

ಆಂಟೆನಾಕ್ಕೆ 40 ಮೀಟರ್ ಬ್ಯಾಂಡಿನ ಇನ್ವರ್ಟೆಡ್ ವಿ (ನಡು ಮೇಲೆ, ಎರಡು ತುದಿ ಕೆಳಗೆ ಇಳಿದ ತಂತಿ) ಸಾಕು. 143 ಎಂಬ ಸ್ಥಿರಾಂಕವನ್ನು ಆವರ್ತನ 7.1 ಮೆಗಾಹರ್ಟ್ಜ್‌ನಿಂದ ಭಾಗಿಸಿದರೆ ಒಟ್ಟು ಉದ್ದ 20.14 ಮೀಟರ್, ಒಂದೊಂದು ಕಾಲು ಸುಮಾರು 10.07. ಮೊದಲು 10.3ಕ್ಕೆ ಕತ್ತರಿಸಿ, ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಶಕ್ತಿ ಎಷ್ಟು ಹಿಂದಿರುಗುತ್ತದೆ ಎಂಬ ಅಳತೆ) ನೋಡುತ್ತಾ ತುದಿ ಮಡಚಿ, ಮತ್ತೆ ಕತ್ತರಿಸಬೇಡಿ. ಎರಡೂ ಕಡೆ 10 ಸೆಂಟಿಮೀಟರ್ ಮಡಚಿದರೆ ಅನುರಣನದ (ಆಂಟೆನಾ ಚೆನ್ನಾಗಿ ಮಿಡಿಯುವ) ಆವರ್ತನ ಸುಮಾರು 70 ಕಿಲೋಹರ್ಟ್ಜ್ ಮೇಲೇರುತ್ತದೆ. ತುದಿಗಳು ಕೈಗೆ ಸಿಗದಷ್ಟು ಎತ್ತರದಲ್ಲಿರಲಿ, ಪ್ರಸಾರದ ಹೊತ್ತಿಗೆ ಮುಟ್ಟಿದರೆ ಚರ್ಮ ಸುಡುತ್ತದೆ.

ನಡುಗಂಬಕ್ಕೆ ಅಡಿಕೆ ಕೊಯ್ಯುವ ತೋಟದ ದೋಟಿ ನೆನಪಾಗುವುದು ಸಹಜ. ಆದರೆ ಈಗಿನ ದೋಟಿ ಕಾರ್ಬನ್ ಫೈಬರಿನದು, ಅದರಲ್ಲಿ ವಿದ್ಯುತ್ ಹರಿಯುತ್ತದೆ. ತಂತಿಯನ್ನು ಅದಕ್ಕೆ ಸುತ್ತಿ ಲಂಬ ಆಂಟೆನಾ ಮಾಡಿದರೆ ಟ್ಯೂನೇ ಆಗದು. ತುದಿಯಿಂದ ಹಗ್ಗದಲ್ಲಿ ತೂಗುಬಿಟ್ಟರೆ ನಡೆಯುತ್ತದೆ. ಬಿದಿರಾದರೆ ತಲೆನೋವೇ ಇಲ್ಲ. ಪೊಸಡಿ ಗುಂಪೆಯಂಥ ಮುರಕಲ್ಲಿನ ಗುಡ್ಡೆಯಲ್ಲಿ ಗೂಟ ಇಳಿಯದು, ಎಳೆಹಗ್ಗಗಳನ್ನು ಕಲ್ಲಿಗೇ ಕಟ್ಟಬೇಕು. ತೋಟದಲ್ಲಿ ಕಂಗಿಗೆ (ಅಡಿಕೆ ಮರಕ್ಕೆ) ಬಿಗಿದು ಕಟ್ಟಿದರೆ ಗಾಳಿಗೆ ಮರ ತೂಗಿದಾಗ ತಂತಿ ತುಂಡಾಗುತ್ತದೆ. ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ, ತುದಿಗೆ ಎರಡು ಲೀಟರಿನ ನೀರಿನ ಬಾಟಲಿ ತೂಗುಹಾಕಿ.

ಹೆಚ್ಚಿನ ನಿಲ್ದಾಣಗಳು ಕೈಕೊಡುವುದು ಬ್ಯಾಟರಿ ವೈರಿನಲ್ಲಿ. 100 ವ್ಯಾಟಿನ ರಿಗ್ (ರೇಡಿಯೋ ಯಂತ್ರ) ಪ್ರಸಾರದಲ್ಲಿ ಸುಮಾರು 20 ಆಂಪಿಯರ್ ಎಳೆಯುತ್ತದೆ. 2.5 ಚದರ ಮಿಲಿಮೀಟರ್ ತಾಮ್ರದ ಜೋಡಿ ವೈರ್ ಮೂರು ಮೀಟರ್ ಹಾಕಿದರೆ 0.9 ವೋಲ್ಟ್ ದಾರಿಯಲ್ಲೇ ಹೋಯಿತು. 13.8 ವೋಲ್ಟಿನ ರಿಗ್ ಸಾಮಾನ್ಯವಾಗಿ 11.7ರ ಕೆಳಗೆ ತಡೆಯದು, ಲೋಡಿನಲ್ಲಿ 12.2ಕ್ಕಿಳಿದ ಲೆಡ್ ಆ್ಯಸಿಡ್ ಬ್ಯಾಟರಿಯಾದರೆ ನೀವು ಮಾತಾಡುವಾಗಲೇ ರಿಗ್ ಆಫ್ ಆಗುತ್ತದೆ, ಕೇಳುವಾಗ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. 6 ಚದರದ ವೈರಿನಲ್ಲಿ ನಷ್ಟ 0.4ರೊಳಗೆ.

ತುಲಾ ಮಾಸದಲ್ಲಿ (ಅಕ್ಟೋಬರ್ ನಡುವಿನಿಂದ) ಮಧ್ಯಾಹ್ನದ ಮೇಲೆ ಗುಡುಗು ಬರುವುದು ಸಾಮಾನ್ಯ. ಮೊದಲ ಸದ್ದಿಗೇ ಕೋಆಕ್ಸ್ (ಆಂಟೆನಾದ ಕೇಬಲ್) ಕಳಚಿ ಟಾರ್ಪಾಲಿನ ಹೊರಗೆಸೆದು, ನೀವೂ ಗುಡ್ಡೆ ಇಳಿಯಿರಿ.