ಹಾಡು ಬರುತ್ತದೆ, ಮಾತು ಬರುವುದಿಲ್ಲ: ಸಂಗೀತ ಚಿಕಿತ್ಸೆ ಏನು ಮಾಡಬಲ್ಲದು?

ಪ್ರಶ್ನೆ: ನಮ್ಮ ತಂದೆಗೆ 66 ವರ್ಷ. ಎಂಟು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಸೋತಿವೆ, ಮಾತು ಬಿದ್ದುಹೋಗಿದೆ. ನಾವು ಹೇಳುವುದೆಲ್ಲ ಅರ್ಥವಾಗುತ್ತದೆ. ಆದರೆ ‘ಹೂಂ’, ‘ಅದು, ಅದು’ ಬಿಟ್ಟರೆ ಬೇರೇನೂ ಹೊರಡುವುದಿಲ್ಲ. ಸಂಜೆ ಅಮ್ಮ ದೀಪ ಹಚ್ಚಿ ದೇವರನಾಮ ಶುರುಮಾಡಿದರೆ ಮಾತ್ರ ಪಲ್ಲವಿಯಿಂದ ಕೊನೆಯ ಚರಣದವರೆಗೆ ಅಕ್ಷರ ತಪ್ಪದೆ ಜೊತೆಗೂಡುತ್ತಾರೆ. ಹಾಡಲು ಬರುವ ಬಾಯಿಗೆ ‘ನೀರು’ ಎನ್ನಲು ಏಕೆ ಬರುವುದಿಲ್ಲ? ಮ್ಯೂಸಿಕ್ ಥೆರಪಿ ಕೊಡಿಸಿದರೆ ಮಾತು ಮರಳುತ್ತದೆಯೇ?

ಉತ್ತರ: ಲಕ್ವ ಹೊಡೆದವರ ಮನೆಗಳಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಮನೆಗೆ ಬಂದ ನೆಂಟರು ಯಾರಾದರೂ ‘ಹಾಡಲು ಬರುತ್ತದೆ, ಮಾತಾಡಲು ಬರುವುದಿಲ್ಲವೇ? ಮನಸ್ಸು ಮಾಡುತ್ತಿಲ್ಲ ಅಷ್ಟೇ’ ಎಂದಿದ್ದರೆ ಆ ಮಾತನ್ನು ಅಲ್ಲಿಗೇ ಬಿಟ್ಟುಬಿಡಿ. ನಿಮ್ಮ ತಂದೆಯವರು ಹಟ ಹಿಡಿದಿಲ್ಲ. ಅವರ ನಾಲಗೆ, ತುಟಿ, ಗಂಟಲು ಬಹುಮಟ್ಟಿಗೆ ಸರಿಯಾಗಿಯೇ ಇವೆ, ಹಾಡೇ ಅದಕ್ಕೆ ಸಾಕ್ಷಿ. ಕೆಟ್ಟಿರುವುದು ಮಿದುಳಿನ ಒಂದು ಏರ್ಪಾಡು: ಹೇಳಬೇಕಾದ್ದಕ್ಕೆ ತಕ್ಕ ಪದ ಹುಡುಕಿ, ಅದರ ಧ್ವನಿಗಳನ್ನು ಸಾಲಾಗಿ ಜೋಡಿಸಿ ಬಾಯಿಗೆ ಕಳುಹಿಸುವ ಕೆಲಸ. ವೈದ್ಯರು ಇದನ್ನು ಅಫೇಸಿಯಾ ಎನ್ನುತ್ತಾರೆ.

ಹೆಚ್ಚಿನವರಲ್ಲಿ ಮಾತಿನ ಈ ಕೆಲಸ ಮಿದುಳಿನ ಎಡಭಾಗದಲ್ಲಿ ನಡೆಯುತ್ತದೆ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ, ‘ಟಾನ್’ ಎಂಬ ಒಂದೇ ಶಬ್ದವನ್ನು ಹೇಳಬಲ್ಲವನಾಗಿದ್ದ ರೋಗಿಯೊಬ್ಬ ತೀರಿಕೊಂಡ ಮೇಲೆ ಅವನ ಮಿದುಳನ್ನು ಪರೀಕ್ಷಿಸಿದರು. ಎಡಗಡೆಯ ಮುಂಭಾಗದಲ್ಲಿ ಹಾನಿ ಕಂಡಿತು. ಬಲಗಡೆಯ ಅಂಗಗಳನ್ನು ನಡೆಸುವುದೂ ಎಡ ಮಿದುಳೇ. ಹಾಗಾಗಿಯೇ ನಿಮ್ಮ ತಂದೆಯವರ ಬಲಗೈ ಮತ್ತು ಮಾತು ಒಂದೇ ಏಟಿಗೆ ಸೋತಿರುವುದು. ಹಾಡುವಾಗ ಸ್ವರದ ಏರಿಳಿತವನ್ನು ನೋಡಿಕೊಳ್ಳುವುದರಲ್ಲಿ ಬಲ ಮಿದುಳಿನ ಪಾಲು ದೊಡ್ಡದು, ಅದಕ್ಕೆ ಏಟು ಬಿದ್ದಿಲ್ಲ. ಇದು ಹೊಸ ಕಾಲದ ಶೋಧವೂ ಅಲ್ಲ. ಬ್ರೋಕಾನಿಗಿಂತ ನೂರು ವರ್ಷಕ್ಕೂ ಹಿಂದೆಯೇ ಸ್ವೀಡನ್ನಿನ ಓಲೋಫ್ ಡಾಲಿನ್, ಮಾತು ಕಳೆದುಕೊಂಡೂ ಚರ್ಚಿನ ಸ್ತುತಿಗೀತೆಗಳನ್ನು ಸ್ಪಷ್ಟವಾಗಿ ಹಾಡುತ್ತಿದ್ದ ಒಬ್ಬನ ಬಗ್ಗೆ ಬರೆದಿದ್ದಾನೆ.

ಆದರೆ ಬಲ ಮಿದುಳಿನ ಕಥೆ ಅರ್ಧ ಮಾತ್ರ. ಉಳಿದರ್ಧ ಹೆಚ್ಚು ಮುಖ್ಯ, ಮನೆಯವರನ್ನು ಮೋಸಗೊಳಿಸುವುದೂ ಅದೇ. ದೇವರನಾಮವನ್ನು ನಿಮ್ಮ ತಂದೆಯವರು ಐವತ್ತು ವರ್ಷಗಳಿಂದ ಹಾಡಿದ್ದಾರೆ. ಅದರಲ್ಲಿ ಪದ ಹುಡುಕುವ ಕೆಲಸವೇ ಇಲ್ಲ. ಒಂದು ಸಾಲು ಮುಂದಿನ ಸಾಲನ್ನು ತಾನಾಗಿ ಎಳೆದು ತರುತ್ತದೆ. 19ನೇ ಶತಮಾನದ ಇಂಗ್ಲಿಷ್ ನರವೈದ್ಯ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ ಇದನ್ನು ಗಮನಿಸಿದ್ದರು: ಮಾತು ಹೋದವರ ಬಾಯಲ್ಲೂ ಪ್ರಾರ್ಥನೆ, ಆಣೆ, ಬೈಗುಳ ಉಳಿದಿರುತ್ತವೆ. ನೀವೂ ಗಮನಿಸಿ ನೋಡಿ. ಒಂದು, ಎರಡು, ಮೂರು ಎಂದು ನೀವು ಶುರುಮಾಡಿದರೆ ಅವರು ಹತ್ತರವರೆಗೆ ಹೋಗಬಹುದು. ಸೋಮವಾರ, ಮಂಗಳವಾರ ಬರಬಹುದು. ಕಾಲಿಗೆ ಏನಾದರೂ ತಾಗಿದರೆ ‘ಅಯ್ಯೋ ರಾಮ’ ಎಂದು ಅಚ್ಚುಕಟ್ಟಾಗಿ ಹೊರಬೀಳಬಹುದು. ಎರಡು ನಿಮಿಷದ ನಂತರ ‘ಏನಾಯಿತು?’ ಎಂದು ಕೇಳಿದರೆ ಮತ್ತೆ ‘ಅದು, ಅದು’.

ಆದ್ದರಿಂದ ಅವರನ್ನು ಕೂರಿಸಿಕೊಂಡು ದಿನವಿಡೀ ದೇವರನಾಮ ಹಾಡಿಸಿದರೆ ಮಾತು ತಾನಾಗಿ ಬರುವುದಿಲ್ಲ. ಮನಸ್ಸಿಗೆ ಹಿತವಾಗುತ್ತದೆ, ಅದು ಸಣ್ಣ ಲಾಭವಲ್ಲ. ಆದರೆ ಬಾಯಿಪಾಠದ ಹಾಡಿಗೂ ‘ನೀರು ಬೇಕು’ ಎಂದು ಬೇಕಾದಾಗ ಹೇಳುವುದಕ್ಕೂ ನಡುವೆ ಒಂದು ಕಂದಕ ಇದೆ. ಅದನ್ನು ದಾಟಿಸಲು ಯೋಜನೆ ಹಾಕಿ, ಹೆಜ್ಜೆ ಹೆಜ್ಜೆಗೂ ಅಳತೆ ಮಾಡುತ್ತಾ ದುಡಿಯುವುದಕ್ಕೆ ಚಿಕಿತ್ಸೆ ಎಂದು ಹೆಸರು.

ಕೋಣೆಯೊಳಗೆ ನಡೆಯುವುದೇನು?

1973ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ನರವೈದ್ಯ ಮಾರ್ಟಿನ್ ಆಲ್ಬರ್ಟ್, ವಾಕ್ ಚಿಕಿತ್ಸಕರಾದ ರಾಬರ್ಟ್ ಸ್ಪಾರ್ಕ್ಸ್ ಮತ್ತು ನ್ಯಾನ್ಸಿ ಹೆಲ್ಮ್ ಒಂದು ವಿಧಾನವನ್ನು ಮುಂದಿಟ್ಟರು. ಹೆಸರು ಮೆಲೋಡಿಕ್ ಇಂಟೊನೇಶನ್ ಥೆರಪಿ. ನಿಮ್ಮ ತಂದೆಯವರಂಥವರಿಗಾಗಿಯೇ ಮಾಡಿದ್ದು: ಎಡ ಮಿದುಳಿಗೆ ಏಟು, ಕೇಳಿದ್ದು ಅರ್ಥವಾಗುತ್ತದೆ, ಹೇಳಲು ಆಗುವುದಿಲ್ಲ. ಸರಾಗವಾಗಿ ಮಾತಾಡಿಯೂ ಅರ್ಥವಿಲ್ಲದ ಪದಗಳನ್ನು ಸುರಿಸುವ ಬೇರೊಂದು ಬಗೆಯ ಅಫೇಸಿಯಾ ಇದೆ, ಅವರಿಗೆ ಇದು ಹೊಂದುವುದಿಲ್ಲ.

ಚಿಕಿತ್ಸಕಿ ಎದುರಿಗೆ ಕೂರುತ್ತಾರೆ. ಹಾರ್ಮೋನಿಯಂ ಬೇಕಿಲ್ಲ, ತಾಳ ಬೇಕಿಲ್ಲ. ರೋಗಿಯ ಎಡಗೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಎಡಗೈಯೇ ಏಕೆಂದರೆ ಬಲಗೈ ಸೋತಿದೆ. ಜೊತೆಗೆ ಎಡಗೈಯನ್ನು ನಡೆಸುವುದು ಬಲ ಮಿದುಳು. ಮೊದಲು ಬರೀ ಗುನುಗು, ಪದವಿಲ್ಲ. ಎರಡೇ ಸ್ವರ, ಒಂದು ಮೇಲೆ, ಒಂದು ಕೆಳಗೆ. ಅವುಗಳ ನಡುವೆ ಸುಮಾರಾಗಿ ಷಡ್ಜಕ್ಕೂ ಸಾಧಾರಣ ಗಾಂಧಾರಕ್ಕೂ ಇರುವಷ್ಟು ಅಂತರ. ಬೀದಿಯಲ್ಲಿ ತರಕಾರಿಯವರು ‘ಸೊಪ್ಪೂ’ ಎಂದು ಎಳೆದು ಕೂಗುವಾಗ ಏರಿ ಇಳಿಯುತ್ತದಲ್ಲ, ಅಷ್ಟೇ ಸರಳ. ಆಮೇಲೆ ಅದೇ ಎಳೆಗೆ ಪದ ಕೂರುತ್ತದೆ: ‘ನೀ–ರು ಬೇ–ಕು’. ಒಂದೊಂದು ಅಕ್ಷರಕ್ಕೆ ಎಡಗೈಯಿಂದ ಮೇಜಿನ ಮೇಲೆ ಒಂದೊಂದು ತಟ್ಟು, ಒಟ್ಟು ನಾಲ್ಕು. ಇಂಗ್ಲಿಷಿನಲ್ಲಿ ಒತ್ತು ಬೀಳುವ ಭಾಗವನ್ನು ಮೇಲಿನ ಸ್ವರಕ್ಕೆ ಕೂರಿಸುತ್ತಾರೆ. ಕನ್ನಡದಲ್ಲಿ ಆ ಬಗೆಯ ಒತ್ತು ಇಲ್ಲ, ನಮ್ಮದು ಗುರು ಲಘುಗಳ ಲೆಕ್ಕ. ಹಾಗಾಗಿ ‘ನೀ’, ‘ಬೇ’ ಮೇಲೆ ನಿಂತು ಎಳೆದರೆ ಕಿವಿಗೆ ಸಹಜವಾಗಿರುತ್ತದೆ.

ಮೊದಲು ಚಿಕಿತ್ಸಕಿಯೊಬ್ಬರೇ ಹಾಡುತ್ತಾರೆ. ನಂತರ ಇಬ್ಬರೂ ಕೂಡಿ. ಮತ್ತೆ ಕೂಡಿಯೇ ಶುರು, ಆದರೆ ಅರ್ಧದಲ್ಲಿ ಚಿಕಿತ್ಸಕಿ ದನಿ ತಗ್ಗಿಸಿ ಸುಮ್ಮನಾಗುತ್ತಾರೆ. ರೋಗಿ ಒಬ್ಬರೇ ಮುಗಿಸಬೇಕು. ಆಮೇಲೆ ಕೇಳಿ ಹೇಳುವುದು. ಕೊನೆಗೆ ಪ್ರಶ್ನೆ: ‘ಏನು ಬೇಕು?’ ಉತ್ತರ ಬರಬೇಕು, ‘ನೀರು ಬೇಕು’. ಒಂದು ಹಂತದಲ್ಲಿ ತಪ್ಪಿದರೆ ಹಿಂದಿನ ಹಂತಕ್ಕೆ ಇಳಿದು ಮತ್ತೆ ಹತ್ತುತ್ತಾರೆ, ಬೈಯುವುದಿಲ್ಲ, ‘ಪ್ರಯತ್ನಿಸಿ, ಪ್ರಯತ್ನಿಸಿ’ ಎಂದು ಪೀಡಿಸುವುದೂ ಇಲ್ಲ. ಮುಂದಿನ ಮಟ್ಟದಲ್ಲಿ ಒಂದು ಜಾಣತನ ಇದೆ. ಚಿಕಿತ್ಸಕಿ ಹೇಳಿದ ತಕ್ಷಣ ಹೇಳಿಸದೆ ಸುಮಾರು ಆರು ಸೆಕೆಂಡು ಕಾಯಿಸುತ್ತಾರೆ. ತಕ್ಷಣ ಹೇಳಿದರೆ ಅದು ಪ್ರತಿಧ್ವನಿ. ಆರು ಸೆಕೆಂಡಿನ ನಂತರ ಹೇಳಬೇಕಾದರೆ ಪದವನ್ನು ತಾವೇ ಹಿಡಿದಿಟ್ಟುಕೊಂಡು ಎತ್ತಿಕೊಡಬೇಕು. ಎಲ್ಲಕ್ಕಿಂತ ಕಡೆಗೆ ರಾಗ ಕರಗುತ್ತದೆ: ಹಾಡಿನಂತಿದ್ದದ್ದು ಹಾಡು ಮಾತಿನ ನಡುವಿನ ಧಾಟಿಗೆ ಇಳಿದು, ನಂತರ ಬರೀ ಮಾತಾಗುತ್ತದೆ. ಸಂಗೀತ ಬಳಸಿ ಸಂಗೀತವನ್ನು ಕಳಚುವ ಈ ಕೊನೆಯ ಭಾಗವನ್ನು ಬಿಟ್ಟು ಬರೀ ಹಾಡಿಸುತ್ತಾ ಕೂರುವವರನ್ನು ಚಿಕಿತ್ಸಕರೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಮನೆಯಲ್ಲಿ ಸಂಗೀತ ಬಲ್ಲವರಿದ್ದರೆ ಒಂದು ಎಚ್ಚರಿಕೆ: ಶ್ರುತಿ ತಿದ್ದಲು ಹೋಗಬೇಡಿ. ಇಲ್ಲಿ ಅಪಸ್ವರಕ್ಕೆ ಪೂರ್ತಿ ಮಾಫಿ.

ಫಲ ಎಷ್ಟು?

ಈ ವಿಧಾನದ ಜಾಹೀರಾತು ಎಷ್ಟು ಹೇಳುತ್ತದೋ ಅಷ್ಟಿಲ್ಲ, ಅನುಮಾನಿಗಳು ಹೇಳುವಷ್ಟು ಶೂನ್ಯವೂ ಅಲ್ಲ. ನೆದರ್ಲೆಂಡ್ಸಿನಲ್ಲಿ ಎರಡು ಪ್ರಯೋಗಗಳು ನಡೆದವು. 2014ರಲ್ಲಿ ಪ್ರಕಟವಾದದ್ದರಲ್ಲಿ, ಲಕ್ವ ಹೊಡೆದು ಎರಡು ಮೂರು ತಿಂಗಳಾಗಿದ್ದ 27 ಜನ ಇದ್ದರು. ಕಲಿಸಿದ ವಾಕ್ಯಗಳು ಚೆನ್ನಾಗಿ ಬಂದದ್ದಲ್ಲದೆ ಕಲಿಸದವಕ್ಕೂ ಸ್ವಲ್ಪ ಹರಡಿತು. 2016ರದ್ದರಲ್ಲಿ ಒಂದು ವರ್ಷ ದಾಟಿದ್ದ 17 ಜನ. ಅಲ್ಲಿ ಲಾಭ ಕಲಿಸಿದ ವಾಕ್ಯಗಳಿಗಷ್ಟೇ ನಿಂತಿತು, ಅದೂ ಹೆಚ್ಚು ಕಾಲ ಉಳಿಯಲಿಲ್ಲ. ನಿಮ್ಮ ತಂದೆಯವರು ಎಂಟು ತಿಂಗಳಿನವರು, ನಡುವೆ ಇದ್ದಾರೆ. ಇನ್ನೂ ತಡಮಾಡಬೇಡಿ ಎನ್ನುವುದಕ್ಕೆ ಇಷ್ಟು ಸಾಕು.

ಕೆಲಸ ಮಾಡುವುದು ರಾಗವೋ ಲಯವೋ ಎಂಬ ಜಗಳವೂ ಇದೆ. ಬಾಸ್ಟನ್ನಿನ ಗಾಟ್‌ಫ್ರೀಡ್ ಶ್ಲಾಗ್ ತಂಡ ತಿಂಗಳುಗಟ್ಟಲೆ ಈ ಚಿಕಿತ್ಸೆ ಪಡೆದ ಆರು ಜನರ ಮಿದುಳನ್ನು ಸ್ಕ್ಯಾನ್ ಮಾಡಿ, ಬಲಗಡೆಯ ಒಂದು ನರಮಾರ್ಗ ದಪ್ಪವಾದದ್ದನ್ನು 2009ರಲ್ಲಿ ವರದಿ ಮಾಡಿತು. ಜರ್ಮನಿಯ ಲೈಪ್‌ಝಿಗ್‌ನ ಬೆಂಜಮಿನ್ ಸ್ಟಾಲ್ ಮತ್ತು ಸಂಗಡಿಗರು 2011ರಲ್ಲಿ 17 ಜನರನ್ನು ಪರೀಕ್ಷಿಸಿ, ಹಾಡಿಸಿದರೂ ಒಂದೇ, ತಾಳಕ್ಕೆ ಸರಿಯಾಗಿ ಮಾತಾಡಿಸಿದರೂ ಒಂದೇ ಎಂದರು. ಅವರ ಲೆಕ್ಕದಲ್ಲಿ ಹೆಚ್ಚು ತೂಕ ಲಯಕ್ಕೆ ಮತ್ತು ಬಾಯಿಪಾಠದ ಪರಿಚಯಕ್ಕೆ. ನಿಮಗೆ ಇದರಿಂದ ಸಿಗುವ ಸಮಾಧಾನ ಏನೆಂದರೆ, ತಂದೆಯವರು ಒಳ್ಳೆಯ ಹಾಡುಗಾರರಾಗಿರಬೇಕಿಲ್ಲ.

ತೀವ್ರ ತರಬೇತಿ ಎಂದರೆ ಎಷ್ಟು ಎಂದು ತಿಳಿದಿರಲಿ. ಬಾಸ್ಟನ್ನಿನ ಪ್ರಯೋಗಗಳಲ್ಲಿ ದಿನಕ್ಕೆ ಒಂದೂವರೆ ಗಂಟೆ, ವಾರಕ್ಕೆ ಐದು ದಿನ, 75ಕ್ಕೂ ಹೆಚ್ಚು ಸೆಷನ್. ವಾರಕ್ಕೊಮ್ಮೆ ಅರ್ಧ ಗಂಟೆ ಹೋಗಿ ಬಂದು ‘ಏನೂ ಆಗಲಿಲ್ಲ’ ಎಂದರೆ ತಪ್ಪು ಚಿಕಿತ್ಸೆಯದ್ದಲ್ಲ. ನಿರೀಕ್ಷೆಯ ಅಳತೆಗೋಲಾಗಿ ಅಮೆರಿಕದ ಮಾಜಿ ಸಂಸದೆ ಗ್ಯಾಬ್ರಿಯೆಲ್ ಗಿಫರ್ಡ್ಸ್ ಅವರನ್ನು ನೋಡಿ. 2011ರ ಜನವರಿಯಲ್ಲಿ ಗುಂಡೇಟಿನಿಂದ ಅವರ ಎಡ ಮಿದುಳು ಘಾಸಿಗೊಂಡಿತು. ಹ್ಯೂಸ್ಟನ್ನಿನ ಪುನರ್ವಸತಿ ಆಸ್ಪತ್ರೆಯಲ್ಲಿ ವಾಕ್ ಚಿಕಿತ್ಸೆಯ ಜೊತೆಗೆ ಸಂಗೀತ ಚಿಕಿತ್ಸೆಯೂ ನಡೆಯಿತು. ಅವರು ಭಾಷಣ ಮಾಡುವಷ್ಟಾದರು. ಹಾಗೆಂದು ಅಫೇಸಿಯಾ ಹೋಗಿಲ್ಲ. ವರ್ಷಗಳ ನಂತರವೂ ಪದಕ್ಕಾಗಿ ತಡಕಾಡುತ್ತಲೇ ಮಾತಾಡುತ್ತಾರೆ.

ಕಾಲಿಗೂ ಉಂಟು

ನೀವು ಕೇಳದಿದ್ದರೂ ಇದನ್ನು ಹೇಳಬೇಕು, ಏಕೆಂದರೆ ಲಕ್ವದ ನಂತರ ಸಂಗೀತದಿಂದ ಆಗುವ ಲಾಭಗಳಲ್ಲಿ ನಡಿಗೆಯದ್ದು ಹೆಚ್ಚು ಗಟ್ಟಿಯಾದದ್ದು. ಅಮೆರಿಕದ ಕೊಲೊರಾಡೊದಲ್ಲಿ ಮೈಕೆಲ್ ಥಾಟ್ 1990ರ ದಶಕದಲ್ಲಿ ರೂಪಿಸಿದ ವಿಧಾನ ಇದು. ಮೊದಲು ರೋಗಿ ಈಗ ನಿಮಿಷಕ್ಕೆ ಎಷ್ಟು ಹೆಜ್ಜೆ ಇಡುತ್ತಾರೆಂದು ಎಣಿಸುತ್ತಾರೆ. 60 ಎಂದುಕೊಳ್ಳಿ. ಟಿಕ್ ಟಿಕ್ ಎಂದು ಲಯ ಕೊಡುವ ಮೆಟ್ರೊನೋಮ್ ಯಂತ್ರವನ್ನು ಅಥವಾ ಹಾಡಿನ ಲಯವನ್ನು 60ಕ್ಕೇ ಇಟ್ಟು ನಡೆಸುತ್ತಾರೆ. ಹೆಜ್ಜೆ ಅದಕ್ಕೆ ಕೂಡಿಕೊಂಡ ಮೇಲೆ 63, 66. ಕಿವಿಗೆ ಬಿದ್ದ ಲಯಕ್ಕೆ ಕಾಲು ತಾನಾಗಿ ಕೂಡಿಕೊಳ್ಳುತ್ತದೆ. ಎರಡು ಹೆಜ್ಜೆಗಳ ನಡುವಿನ ಏರುಪೇರು ಕಡಿಮೆಯಾಗುತ್ತದೆ. ಬೀಳುವ ಅಪಾಯ ಇರುವುದರಿಂದ ಫಿಸಿಯೋಥೆರಪಿಸ್ಟ್ ಇಲ್ಲದೆ ಮನೆಯಲ್ಲಿ ಇದನ್ನು ಮಾಡಬೇಡಿ.

ಇನ್ನು ಬರೀ ಕೇಳುವುದು. 2008ರಲ್ಲಿ ಹೆಲ್ಸಿಂಕಿಯ ಟೆಪ್ಪೊ ಸಾರ್ಕಾಮೊ ಮತ್ತು ಸಂಗಡಿಗರು ಹೊಸದಾಗಿ ಲಕ್ವ ಹೊಡೆದಿದ್ದ 60 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ತಮಗಿಷ್ಟವಾದ ಸಂಗೀತವನ್ನು ಎರಡು ತಿಂಗಳು ದಿನಕ್ಕೆ ಕನಿಷ್ಠ ಒಂದು ಗಂಟೆ ಕೇಳಿತು, ಒಂದು ಗುಂಪು ಧ್ವನಿಪುಸ್ತಕ ಕೇಳಿತು, ಮೂರನೆಯದಕ್ಕೆ ಎರಡೂ ಇಲ್ಲ. ಸಂಗೀತದ ಗುಂಪಿನ ನೆನಪು, ಗಮನ ಹೆಚ್ಚು ಸುಧಾರಿಸಿದವು, ಖಿನ್ನತೆ ಕಡಿಮೆ ಇತ್ತು. ‘ತಮಗಿಷ್ಟವಾದ’ ಎಂಬುದನ್ನು ಗಮನಿಸಿ. ರಕ್ತದೊತ್ತಡಕ್ಕೆ ಈ ರಾಗ, ಮಧುಮೇಹಕ್ಕೆ ಆ ರಾಗ ಎಂದು ಮಾತ್ರೆಯ ಚೀಟಿಯಂತೆ ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಪಟ್ಟಿಗಳಿಗೂ ಇದಕ್ಕೂ ಸಂಬಂಧವಿಲ್ಲ. ತರಬೇತಿ ಪಡೆದ ಚಿಕಿತ್ಸಕರು ಮೊದಲ ದಿನ ಕೇಳುವುದು ‘ಇವರು ಯಾವ ಹಾಡು ಕೇಳುತ್ತಾ ಬೆಳೆದರು?’ ಎಂದು. ಉತ್ತರ ರಾಜ್‌ಕುಮಾರ್ ಸಿನಿಮಾದ ಹಾಡಾಗಿರಬಹುದು, ಭಾವಗೀತೆಯೋ ತತ್ವಪದವೋ ಯಕ್ಷಗಾನದ ಪದ್ಯವೋ ಆಗಿರಬಹುದು. ನಿಮ್ಮ ತಂದೆಯವರಿಗೆ ದೇವರನಾಮ.

ಎಲ್ಲಿಗೆ ಹೋಗಬೇಕು?

ಮೊದಲ ಬಾಗಿಲು ವಾಕ್ ಚಿಕಿತ್ಸಕರದ್ದು, ಅಂದರೆ ಸ್ಪೀಚ್ ಥೆರಪಿಸ್ಟ್. ಯಾವ ಬಗೆಯ ಅಫೇಸಿಯಾ ಎಂದು ಪರೀಕ್ಷಿಸಿ ಹೇಳಬೇಕಾದವರು ಅವರು. ಈ ವಿಷಯದಲ್ಲಿ ಕರ್ನಾಟಕದವರು ಅದೃಷ್ಟವಂತರು: ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕನ್ನಡದಲ್ಲೇ ಪರೀಕ್ಷೆ ಮಾಡಬಲ್ಲವರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂಗೀತ ಮತ್ತು ಮಿದುಳಿನ ಸಂಬಂಧವನ್ನೇ ಅಧ್ಯಯನ ಮಾಡುವ ಪ್ರಯೋಗಾಲಯವನ್ನು ಡಾ. ಶಾಂತಲಾ ಹೆಗಡೆ ನಡೆಸುತ್ತಿದ್ದಾರೆ. ಖಾಸಗಿಯಾಗಿ ಸಂಗೀತ ಚಿಕಿತ್ಸಕರೆಂದು ಹೇಳಿಕೊಳ್ಳುವವರ ಬಳಿ ಹೋದರೆ, ರೋಗಿಗಳ ಜೊತೆ ಯಾರ ಮೇಲ್ವಿಚಾರಣೆಯಲ್ಲಿ ಎಷ್ಟು ಕಾಲ ತರಬೇತಿ ಪಡೆದಿರಿ ಎಂದು ನಾಚಿಕೆಯಿಲ್ಲದೆ ಕೇಳಿ. ಅಮೆರಿಕದಲ್ಲಿ ಪದವಿಯ ಜೊತೆಗೆ ಕನಿಷ್ಠ 1,200 ಗಂಟೆಗಳ ಅಂಥ ತರಬೇತಿ ಬೇಕು. ವಿದ್ವತ್ ಪರೀಕ್ಷೆ ಪಾಸಾಗಿರುವುದು ಸಂಗೀತಕ್ಕೆ ಅರ್ಹತೆ, ಮಿದುಳಿಗಲ್ಲ. ಇಷ್ಟು ದಿನದಲ್ಲಿ ಮಾತು ಬರಿಸುತ್ತೇವೆಂದು ಖಾತರಿ ಕೊಡುವವರಿಂದ ಎದ್ದು ಬನ್ನಿ.

ಮನೆಯಲ್ಲಿ ಸಂಜೆಯ ದೇವರನಾಮ ನಿಲ್ಲದಿರಲಿ. ಆದರೆ ಬಂದವರ ಮುಂದೆ ‘ಅಪ್ಪಾ, ಒಂದು ಹಾಡು ಹೇಳಿ, ಇವರು ಕೇಳಲಿ’ ಎಂದು ಕೂರಿಸಬೇಡಿ. ಅವರಿಗೆ ಎಲ್ಲವೂ ಅರ್ಥವಾಗುತ್ತದೆ, ಅವಮಾನವೂ.

ಚಿಕಿತ್ಸೆಗೆ ಹೋಗುವ ಮುನ್ನ ಒಂದು ಕೆಲಸ ಮಾಡಿಕೊಳ್ಳಿ. ತಂದೆಯವರಿಗೆ ದಿನವೂ ಬೇಕಾಗುವ ಹತ್ತು ಹದಿನೈದು ಮಾತುಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ, ಅವರು ಹೇಳುತ್ತಿದ್ದ ಧಾಟಿಯಲ್ಲೇ. ಮನೆಯಲ್ಲಿ ‘ಕಾಪಿ’ ಎನ್ನುತ್ತಿದ್ದರೆ ‘ಕಾಪಿ’ ಎಂದೇ ಬರೆಯಿರಿ, ‘ಕಾಫಿ’ ಎಂದು ತಿದ್ದಬೇಡಿ. ‘ನೀರು ಬೇಕು’, ‘ಕಾಲು ನೋವು’, ‘ಫ್ಯಾನು ಹಾಕು’, ಅಮ್ಮನನ್ನು ಅವರು ಕರೆಯುತ್ತಿದ್ದ ರೀತಿ, ಮೊಮ್ಮಕ್ಕಳ ಹೆಸರು. ಚಿಕಿತ್ಸಕರು ಇವುಗಳಿಂದಲೇ ಶುರುಮಾಡುತ್ತಾರೆ. ‘ಸಾಕು’ ಮತ್ತು ‘ಬೇಡ’ ಪಟ್ಟಿಯಲ್ಲಿ ಮೇಲೇ ಇರಲಿ. ಮಾತು ಬಾರದವರ ಎಲೆಗೆ ಮನೆಯವರು ಪ್ರೀತಿಯಿಂದ ಬಡಿಸುತ್ತಲೇ ಇರುತ್ತಾರೆ, ತಡೆಯಲು ಅವರಿಗೆ ಈ ಎರಡು ಪದ ತುರ್ತಾಗಿ ಬೇಕು.